ಕಾರಿಗೂ ಒಂದು ಹೊಸ್ತಿಲಿದೆ

ಕಳೆದ ಸಂಚಿಕೆಯಲ್ಲಿ ನನ್ನ ಗ್ಯಾರೇಜಿನ ಹಳೇ ಕಾರಿನ ಬಗ್ಗೆ ಎರಡು ನಿಮಿಷ ಮಾತಾಡಿ ಮುಂದೆ ಹೋಗಿಬಿಟ್ಟಿದ್ದೆ. "ಪೂರ್ತಿ ಕತೆ ಹೇಳಿ" ಅಂತ ಸುಮಾರು ಜನ ಕೇಳಿದ್ರಿ. ಹೇಳ್ತೀನಿ. ಆದ್ರೆ ಇದು ಕಾರಿನ ಕತೆ ಅನ್ನೋದಕ್ಕಿಂತ ಒಂದು ಥರದ ಟೀವಿ ಕಾರ್ಯಕ್ರಮಗಳ ವಿಮರ್ಶೆ. ಎರಡಕ್ಕೂ ಏನು ಸಂಬಂಧ ಅನ್ನೋದು ಒಂದು ಸ್ಕ್ರೂಡ್ರೈವರ್‌ನಿಂದ ಶುರುವಾಗುತ್ತೆ.

2019ರ ಮಾರ್ಚ್‌ನಲ್ಲಿ ನಾನು 1971ರ ಒಂದು ಎಂಜಿಬಿ ರೋಡ್‌ಸ್ಟರ್ ಕೊಂಡೆ. ಎರಡೇ ಸೀಟು, ಬಟ್ಟೆಯ ಟಾಪು, ಕಡುಹಸಿರು ಬಣ್ಣ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಭಾನುವಾರಗಳಂದು ಇಂಥ ಕಾರುಗಳು ಹಳ್ಳಿ ರಸ್ತೆಯಲ್ಲಿ ಗುಡುಗುಡು ಅಂತ ಹೋಗೋದನ್ನ ನೋಡಿ ಆಸೆಪಟ್ಟಿದ್ದೆ. ಜಾಹೀರಾತಲ್ಲಿ "ಪೂರ್ತಿ ರೆಸ್ಟೋರ್ ಮಾಡಿದ ಕಾರು" ಅಂತ ಇತ್ತು. ಬಣ್ಣ ಕನ್ನಡಿ ಥರ ಹೊಳೀತಿತ್ತು. ಕ್ರೋಮ್ ಬಂಪರ್‌ನಲ್ಲಿ ಮುಖ ಕಾಣ್ತಿತ್ತು. ಮಾರುವವರು ಒಳಗೆ ಕರೆದು ಟೀ ಕೊಟ್ರು. ನಾನು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಎತ್ತಿ ನೋಡಿ, ಒಂದು ರೌಂಡ್ ಓಡಿಸಿ, ದುಡ್ಡು ಕೊಟ್ಟು ಮನೆಗೆ ತಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಶನಿವಾರ ತೊಳೀತಾ ಇದ್ದಾಗ, ಡ್ರೈವರ್ ಬಾಗಿಲ ಕೆಳಗೆ ಬಣ್ಣದಲ್ಲಿ ಒಂದು ಗುಳ್ಳೆ ಎದ್ದಿರೋದು ಕಾಣಿಸ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆತ್ತಗೆ ಒತ್ತಿದೆ. ಹಿಡಿಯ ತನಕ ಒಳಗೆ ಹೋಯ್ತು.

ಸುತ್ತ ಕೆರೆದಾಗ ಮೊದಲು ಬಂದಿದ್ದು ಬೆರಳು ದಪ್ಪದ ಪುಟ್ಟಿ. ನಮ್ಮೂರ ಟಿಂಕರಿಂಗ್ ಶಾಪ್‌ಗಳಲ್ಲಿ ಡೆಂಟ್ ಮುಚ್ಚೋಕೆ ಹಚ್ಚೋ ಪೇಸ್ಟಿಗೆ ಹಾಗಂತಾರೆ. ಪುಟ್ಟಿಯ ಹಿಂದೆ ತಂತಿ ಬಲೆ. ಅದರ ಹಿಂದೆ ಮಡಿಚಿ ತುರುಕಿದ ಹಳೇ ನ್ಯೂಸ್‌ಪೇಪರ್. ಅದರ ಹಿಂದೆ, ಉಕ್ಕು ಇರಬೇಕಾದ ಜಾಗದಲ್ಲಿ, ಕಂದು ಪುಡಿ.

ಮಾರಿದವರಿಗೆ ಇದು ಗೊತ್ತಿತ್ತೋ, ಅವರಿಗೂ ಯಾರೋ ಹೀಗೇ ಮಾರಿದ್ರೋ, ನಾನು ಹೇಳಲಾರೆ. ಆದ್ರೆ ಅವತ್ತು ರಾತ್ರಿ ನಿದ್ದೆ ಕೆಡಿಸಿದ ಪ್ರಶ್ನೆ ಬೇರೆ. ಅಷ್ಟು ದುಡ್ಡು ಕೊಡೋವಾಗ ನಾನು ಯಾಕೆ ಒಂದು ಸಲವೂ ಬಗ್ಗಿ ಕಾರಿನ ಕೆಳಗೆ ನೋಡಲಿಲ್ಲ? ಹಳೇ ಕಾರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಹತ್ತು ವರ್ಷದಿಂದ ಕಾರ್ ರೆಸ್ಟೋರ್ ಮಾಡೋ ಶೋಗಳನ್ನ ಒಂದೂ ಬಿಡದೆ ನೋಡಿದ್ದೆ. ಕಾರನ್ನ ಹೇಗೆ ನೋಡ್ಬೇಕು ಅಂತ ನನಗೆ ಕಲಿಸಿದ್ದೇ ಆ ಶೋಗಳು. ತೊಂದರೆ ಇದ್ದಿದ್ದೂ ಅಲ್ಲೇ.

ಹೊಸ್ತಿಲಿನ ವಿಚಾರ

ಕಾರಿನ ಬಾಗಿಲು ತೆಗೆದು ಕಾಲಿಡೋವಾಗ ಕೆಳಗೆ ಒಂದು ಕಟ್ಟೆ ಸಿಗುತ್ತಲ್ಲ, ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕ? ಅದಕ್ಕೆ ಇಲ್ಲಿ ಸಿಲ್ ಅಂತಾರೆ. ಕನ್ನಡದಲ್ಲಿ ಹೊಸ್ತಿಲು ಅಂತ ಕರೆದ್ರೆ ಸರಿಹೋಗುತ್ತೆ. ಮನೆಯ ಹೊಸ್ತಿಲಿಗೆ ನಾವು ಅರಿಶಿನ ಕುಂಕುಮ ಹಚ್ತೀವಿ. ಕಾರಿನ ಹೊಸ್ತಿಲನ್ನ ಒದ್ದುಕೊಂಡು ಒಳಗೆ ಹೋಗ್ತೀವಿ, ಅದರ ಕಡೆ ಯಾರೂ ತಿರುಗಿ ನೋಡಲ್ಲ.

ಎಂಜಿಬಿಗಿಂತ ಮುಂಚೆ ಬಂದ ಎಂಜಿಎ ಕಾರಿಗೆ ಕೆಳಗೆ ಪ್ರತ್ಯೇಕ ಚಾಸಿ ಇತ್ತು, ಲಾರಿಗೆ ಇರುತ್ತಲ್ಲ ಹಾಗೆ. 1962ರಲ್ಲಿ ಬಂದ ಎಂಜಿಬಿಗೆ ಅದಿಲ್ಲ. ತಗಡಿನ ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತೆ. ಅದರಲ್ಲೂ ರೋಡ್‌ಸ್ಟರ್‌ಗೆ ತಗಡಿನ ಛಾವಣಿ ಇಲ್ಲ. ಹಾಗಾಗಿ ಕಾರಿನ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಜೋಡಿಸಿ ಹಿಡಿದಿರೋದು ಮುಖ್ಯವಾಗಿ ಎರಡು ಪಕ್ಕದ ಹೊಸ್ತಿಲುಗಳು ಮತ್ತು ನಡುವೆ ಗೇರ್‌ಬಾಕ್ಸ್ ಕೂರೋ ಸುರಂಗ. ಹೊಸ್ತಿಲು ಅಂದ್ರೆ ಒಂದೇ ತಗಡೂ ಅಲ್ಲ. ಹೊರಗೊಂದು, ಒಳಗೊಂದು, ಎರಡರ ನಡುವೆ ಗೋಡೆಯ ಹಾಗೆ ಇನ್ನೊಂದು. ಅಡಿಯಲ್ಲಿ ಕೋಟೆಗೋಡೆಯ ಹಲ್ಲಿನ ಹಾಗೆ ಏರಿಳಿತ ಇರೋ ಪಟ್ಟಿ, ಅದಕ್ಕೆ ಕ್ಯಾಸಲ್ ರೈಲ್ ಅಂತ ಹೆಸರು. ಇವೆಲ್ಲ ಸೇರಿ ಒಂದು ಪೆಟ್ಟಿಗೆ. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲೋ ಉಪ್ಪು ನೀರಿನ ಜೊತೆ ಈ ಪೆಟ್ಟಿಗೆಯೊಳಗೆ ಹೋಗಿ ಕೂತ್ಕೊಳ್ಳುತ್ತೆ. ತುಕ್ಕು ಒಳಗಿಂದ ಹೊರಗೆ ಬರುತ್ತೆ. ಬಣ್ಣದ ಮೇಲೆ ಗುಳ್ಳೆ ಕಂಡಾಗ ಒಳಗೆ ಕತೆ ಮುಗಿದಿರುತ್ತೆ.

ಅಂದ್ರೆ ನಾಲ್ಕು ತಿಂಗಳು ನಾನು, ಕೆಲವು ಸಲ ಪಕ್ಕದ ಸೀಟಲ್ಲಿ ನನ್ನ ಮಗಳು, ಪುಟ್ಟಿ ಮತ್ತು ಪೇಪರ್ ಮೇಲೆ ಕೂತು ಗಂಟೆಗೆ 60 ಮೈಲಿ ಹೋಗಿದ್ವಿ.

ಸರ್ಕಾರದ ತಪಾಸಣೆ ಇರಲ್ವಾ ಅಂತ ಕೇಳ್ತೀರಿ. ಬ್ರಿಟನ್ನಿನಲ್ಲಿ ವರ್ಷಕ್ಕೊಂದು ಸಲ ಎಂಒಟಿ ಅನ್ನೋ ಪರೀಕ್ಷೆ ಇದೆ. ಸೀಟ್‌ಬೆಲ್ಟ್, ಸಸ್ಪೆನ್ಶನ್ ಹಿಡಿದಿರೋ ಜಾಗಗಳ ಸುತ್ತ ತುಕ್ಕು ಇದೆಯಾ ಅಂತ ನೋಡೋದು ಅದರ ಒಂದು ಮುಖ್ಯ ಭಾಗ. ಆದ್ರೆ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದೇ ಇರೋ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯ ಅಲ್ಲ. ಕಾರು ರಸ್ತೆಗೆ ಯೋಗ್ಯವಾಗಿರಬೇಕು ಅನ್ನೋ ಕಾನೂನು ಹಾಗೇ ಇದೆ. ಆದ್ರೆ ಕೆಳಗೆ ಬಗ್ಗಿ ನೋಡೋರು ಇಲ್ಲ. ಆ ಕೆಲಸ ಈಗ ಕೊಳ್ಳೋರದ್ದು. ಕೊಳ್ಳೋರ ಕಣ್ಣನ್ನ ತಿದ್ದಿರೋದು ಯಾರು? ಟೀವಿ. ಹಾಗಾಗಿ ಈ ಶೋಗಳನ್ನ ಬರೀ ಮನರಂಜನೆ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ.

ಲೆಕ್ಕಕ್ಕೆ ಬಾರದ ಗಂಟೆಗಳು

ಈ ಜಾತಿಯ ಶೋಗಳಲ್ಲಿ ತುಂಬಾ ಜನ ನೋಡಿರೋದು "ವೀಲರ್ ಡೀಲರ್ಸ್". 2003ರಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ ಶುರುವಾಯ್ತು. ಮೈಕ್ ಬ್ರೂವರ್ ಹಳೇ ಕಾರು ಚೌಕಾಸಿ ಮಾಡಿ ತರ್ತಾರೆ, ಆರಡಿ ಮೀರಿದ ಎಡ್ ಚೈನಾ ರಿಪೇರಿ ಮಾಡ್ತಾರೆ, ಮೈಕ್ ಅದನ್ನ ಲಾಭಕ್ಕೆ ಮಾರ್ತಾರೆ. ನಿಮ್ಮಲ್ಲಿ ಬೇರೆ ದೇಶಗಳಲ್ಲಿ ಇರೋರೂ ನೋಡಿರ್ತೀರಿ.

ಮೊದಲು ಒಳ್ಳೇದು ಹೇಳ್ತೀನಿ. ಎಡ್ ಚೈನಾ ಕೆಲಸ ಮಾಡೋದನ್ನ ನೋಡೋದೇ ಒಂದು ಪಾಠ. ಕಿತ್ತಳೆ ಬಣ್ಣದ ಗ್ಲೌಸ್ ಹಾಕ್ಕೊಂಡು, ಪಾನಾ ಯಾವ ನಟ್ಟಿಗೆ, ಅದರ ಹಿಂದೆ ಏನಿದೆ, ಯಾಕೆ ಕೆಟ್ಟಿದೆ, ಎಲ್ಲ ನಿಧಾನಕ್ಕೆ ಹೇಳ್ತಾರೆ. ಬ್ರೇಕ್ ಸಿಲಿಂಡರ್ ಒಳಗೆ ರಬ್ಬರ್ ಸೀಲ್ ಹೇಗೆ ಸವೆಯುತ್ತೆ ಅಂತ ನಾನು ಕಲಿತಿದ್ದು ಅವರಿಂದ. ಕೈಕೆಲಸದ ಬಗ್ಗೆ ಅಷ್ಟು ಗೌರವ ಇಟ್ಟುಕೊಂಡು, ನೋಡೋರು ದಡ್ಡರಲ್ಲ ಅಂತ ನಂಬಿ ಮಾತಾಡೋರು ಟೀವಿಯಲ್ಲಿ ಕಮ್ಮಿ.

ಈಗ ಶೋ ಕೊನೆಗೆ ಬರೋ ಲೆಕ್ಕ ನೋಡಿ. ಕಾರಿಗೆ ಕೊಟ್ಟಿದ್ದು ಇಷ್ಟು, ಬಿಡಿಭಾಗಕ್ಕೆ ಇಷ್ಟು, ಮಾರಿದ್ದು ಇಷ್ಟು, ಲಾಭ ಇಷ್ಟು. ಎಡ್ ಅವರ ಕೂಲಿ? ಇಲ್ಲ. ಕಾರಿನ ಮೇಲೆ ಅವರು ಹಾಕಿದ ಗಂಟೆಗಳು ಆ ಲೆಕ್ಕಕ್ಕೆ ಬರೋದೇ ಇಲ್ಲ. ಮನೆಯಲ್ಲಿ ಅಡುಗೆ ಮಾಡೋರ ದುಡಿಮೆ ಮನೆ ಖರ್ಚಿನ ಪುಸ್ತಕದಲ್ಲಿ ಇರಲ್ಲ, ನೋಡಿ. ಅದೇ ಥರ.

ಇದು ಬರೀ ದುಡ್ಡಿನ ತಪ್ಪಲ್ಲ. ಗಂಟೆ ಲೆಕ್ಕಕ್ಕೆ ಬರಲಿಲ್ಲ ಅಂದ್ರೆ, ಗಂಟೆ ತಗೊಳ್ಳೋ ಕೆಲಸವೂ ಲೆಕ್ಕಕ್ಕೆ ಬರಲ್ಲ. ಒಂದು ಸಂಚಿಕೆಯಲ್ಲಿ ಏನು ತುಂಬಿಸಬಹುದು? ಬ್ರೇಕು, ಕ್ಲಚ್ಚು, ಕಾರ್ಬುರೇಟರು, ಸೀಟಿನ ಹೊಲಿಗೆ, ಕೊನೆಗೆ ಪಾಲಿಶ್. ಹೊಸ್ತಿಲು ಕತ್ತರಿಸಿ ಹೊಸದು ಕೂರಿಸೋ ಕೆಲಸಕ್ಕೆ ಅಲ್ಲಿ ಜಾಗ ಕಮ್ಮಿ. ಬಂದ್ರೂ ನಾಲ್ಕು ಕಿಡಿ ಹಾರೋ ಶಾಟ್, ಜೋರು ಸಂಗೀತ, ಮುಂದಿನ ದೃಶ್ಯದಲ್ಲಿ ಬಣ್ಣ ಹೊಡೆದು ರೆಡಿ.

2017ರ ಮಾರ್ಚ್‌ನಲ್ಲಿ ಎಡ್ ಚೈನಾ ಶೋ ಬಿಟ್ಟರು. ಬಿಟ್ಟಿದ್ದು ಯಾಕೆ ಅಂತ ಅವರೇ ವಿಡಿಯೋ ಮಾಡಿ ಹೇಳಿದ್ರು. ವರ್ಕ್‌ಶಾಪಿನ ವಿವರವಾದ ಭಾಗಗಳನ್ನ ಚಿತ್ರಿಸೋದು ಕಷ್ಟ, ಅದನ್ನ ಕಡಿಮೆ ಮಾಡ್ಬೇಕು ಅನ್ನೋದು ನಿರ್ಮಾಣದ ಕಡೆಯವರ ಇಷ್ಟ. ಹಾಗೆ ಮಾಡಿದ್ರೆ ತಾವು ನಂಬಿದ ಗುಣಮಟ್ಟ ಹೋಗುತ್ತೆ ಅನ್ನೋದು ಅವರ ಮಾತಿನ ಸಾರ. ಇದು ಒಬ್ಬರ ಕಡೆಯ ಮಾತು ಅಂತ ಇಟ್ಕೊಂಡ್ರೂ, ಜಗಳ ಯಾವುದರ ಬಗ್ಗೆ ಆಯ್ತು ನೋಡಿ. ಸಂಬಳದ ಬಗ್ಗೆ ಅಂತ ಅವರು ಹೇಳಲಿಲ್ಲ. ಕೈಕೆಲಸಕ್ಕೆ ಎಷ್ಟು ನಿಮಿಷ ಅನ್ನೋದರ ಬಗ್ಗೆ.

"ಅರವತ್ತು ಗಂಟೆ ವೆಲ್ಡಿಂಗ್ ಯಾರು ನೋಡ್ತಾರೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನೂ ನೋಡಲ್ಲ. ಆದ್ರೆ ಅಡುಗೆ ಶೋಗಳನ್ನ ನೋಡಿ. ಇಡ್ಲಿ ಹಿಟ್ಟು ಹುದುಗೋದನ್ನ ಯಾರೂ ಎಂಟು ಗಂಟೆ ತೋರಿಸಲ್ಲ. "ರಾತ್ರಿಯಿಡೀ ಬಿಡಿ, ಇಲ್ಲಿ ಹುದುಗಿದ ಹಿಟ್ಟಿದೆ" ಅಂತ ಒಂದು ಮಾತು ಹೇಳ್ತಾರೆ. ಆ ಒಂದು ಮಾತು ಸಾಕು. ಅದು ಇಲ್ಲದೆ ನೇರವಾಗಿ ಇಡ್ಲಿ ತೋರಿಸಿದ್ರೆ, ಮನೆಯಲ್ಲಿ ಮಾಡೋರು ಕಲ್ಲಿನಂಥ ಇಡ್ಲಿ ಮಾಡಿ ತಮ್ಮನ್ನೇ ಬೈಕೊಳ್ತಾರೆ. ಕತ್ತರಿಸೋದು ತಪ್ಪಲ್ಲ. ಏನು ಕತ್ತರಿಸಿದ್ವಿ ಅಂತ ಹೇಳದೇ ಇರೋದು ತಪ್ಪು.

ಅರವತ್ತೊಂದು ಗಂಟೆ

ನನ್ನ ಕಾರಿನ ಬಲಗಡೆ ಹೊಸ್ತಿಲು ಒಂದಕ್ಕೇ 61 ಗಂಟೆ ಆಯ್ತು. ಗ್ಯಾರೇಜ್ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದೀನಿ. ಸಂಜೆ ಕಾಲೇಜಿನಲ್ಲಿ ವೆಲ್ಡಿಂಗ್ ಕಲಿಯೋಕೆ ಹೋಗಿದ್ದು ಅದರಲ್ಲಿ ಸೇರಿಲ್ಲ.

ಆ 61 ಗಂಟೆಯಲ್ಲಿ ವೆಲ್ಡಿಂಗ್ ಎಷ್ಟು ಗೊತ್ತಾ? ಆರೋ ಏಳೋ ಗಂಟೆ. ಉಳಿದಿದ್ದೆಲ್ಲ ತಯಾರಿ. ಮೊದಲು ಕಾರನ್ನ ನಾಲ್ಕು ಸ್ಟ್ಯಾಂಡ್ ಮೇಲೆ ಸಮಮಟ್ಟಕ್ಕೆ ನಿಲ್ಲಿಸಬೇಕು. ಹೊಸ್ತಿಲು ಕತ್ತರಿಸಿದ ಕ್ಷಣ ಕಾರಿನ ನಡು ಬಗ್ಗಬಹುದು, ಹಾಗಾಗಿ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಉಕ್ಕಿನ ಪಟ್ಟಿ ಬಿಗಿದು ಹಿಡಿಸಬೇಕು. ಆಮೇಲೆ ಕೊಳೆತ ತಗಡನ್ನ ತೆಗೆಯೋದು. ಗಟ್ಟಿ ಉಕ್ಕು ಸಿಗೋ ತನಕ ಕತ್ತರಿಸ್ತಾ ಹೋಗ್ಬೇಕು. ಸಿಗೋದು ನಾವು ಅಂದ್ಕೊಂಡಿದ್ದಕ್ಕಿಂತ ಯಾವಾಗಲೂ ಒಂದು ಗೇಣು ಆಚೆ. ಹೊಸ ತಗಡನ್ನ ಇಕ್ಕಳದಲ್ಲಿ ಹಿಡಿಸಿ, ಬಾಗಿಲು ನೇತುಹಾಕಿ, ಮುಚ್ಚಿ, ಸುತ್ತಲಿನ ಸಂದು ಸಮ ಇದೆಯಾ ನೋಡಿ, ಬಿಚ್ಚಿ, ತಟ್ಟಿ, ಮತ್ತೆ ಹಿಡಿಸಿ. ನಾನು ಒಂಬತ್ತು ಸಲ ಬಾಗಿಲು ಹಾಕಿ ತೆಗೆದೆ. ಸರಿಯಾಯ್ತು ಅಂದಮೇಲೆ ತಗಡಿನ ಅಂಚಲ್ಲಿ ಸಾಲಾಗಿ ತೂತು ಕೊರೆದು, ಒಂದೊಂದನ್ನೂ ಬೆಸುಗೆಯಿಂದ ತುಂಬಬೇಕು. ಒಂದೇ ಕಡೆ ಸಾಲಾಗಿ ಹಾಕ್ತಾ ಹೋದ್ರೆ ಬಿಸಿಗೆ ತಗಡು ಸೊಟ್ಟಗಾಗುತ್ತೆ, ಹಾಗಾಗಿ ಇಲ್ಲೊಂದು ಅಲ್ಲೊಂದು.

ಇದನ್ನೆಲ್ಲ ಮುಗಿಸಿ, ಒಳಗೆ ಮೇಣ ಸಿಂಪಡಿಸಿ, ಬಣ್ಣ ಹೊಡೆದ ಮೇಲೆ ಕಾರು ನೋಡಿದ್ರೆ, ಕೊಂಡ ದಿನ ಹೇಗಿತ್ತೋ ಹಾಗೇ ಇತ್ತು. ಫೋಟೋ ತೆಗೆದು ಪಕ್ಕಪಕ್ಕ ಇಟ್ರೆ ನನಗೇ ವ್ಯತ್ಯಾಸ ಗೊತ್ತಾಗಲ್ಲ. ಪೇಪರ್ ತುರುಕಿದ ಹೊಸ್ತಿಲೂ ಉಕ್ಕಿನ ಹೊಸ್ತಿಲೂ ಹೊರಗಿಂದ ಒಂದೇ. ಟೀವಿ ಶೋ ಕೊನೆಯಲ್ಲಿ ಬಟ್ಟೆ ಎಳೆದು ಕಾರು ತೋರಿಸ್ತಾರಲ್ಲ, ಆ ದೃಶ್ಯಕ್ಕೆ ಇವೆರಡರ ನಡುವೆ ವ್ಯತ್ಯಾಸ ಹೇಳೋ ಶಕ್ತಿ ಇಲ್ಲ.

ಅರಸೀಕೆರೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ದ ನನ್ನ ಸೋದರಮಾವನಿಗೆ ವಿಡಿಯೋ ಕಾಲ್‌ನಲ್ಲಿ ಆ ತೂತು ತೋರಿಸಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ದನ ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ ಕಣೇ. ನೀನು ಮೈಬಣ್ಣ ನೋಡಿ ತಂದಿದ್ದೀಯ." ಆಮೇಲೆ ಬಾನೆಟ್ ಎತ್ತು ಅಂದ್ರು. ಎಂಜಿನ್ ನೋಡಿ ಮುಖ ಅರಳಿತು. "ಅಯ್ಯೋ, ಇದು ನಮ್ಮದೇ ಅಲ್ವಾ!"

ಅವರು ಹೇಳಿದ್ದು ನಿಜ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್. ಎಂಜಿಬಿಯ 1798 ಸಿಸಿ ಎಂಜಿನ್ ಅದೇ ಬಿ-ಸೀರೀಸ್ ಮನೆತನದ್ದು, ಅಣ್ಣ ಅನ್ನಿ. ಎಂಜಿಬಿ 1980ರಲ್ಲಿ ಅಬಿಂಗ್ಡನ್ ಫ್ಯಾಕ್ಟರಿಯ ಜೊತೆ ನಿಂತುಹೋಯ್ತು. ಅಂಬಾಸಿಡರ್ 2014ರ ತನಕ ಬಂತು. ವಾಲ್ವ್ ಸಂದು ಹೊಂದಿಸೋದು ಹೇಗೆ ಅಂತ ನನಗೆ ಮುಂದೆ ಹೇಳಿಕೊಟ್ಟಿದ್ದು ಯಾವ ಶೋ ಕೂಡ ಅಲ್ಲ. ಅರಸೀಕೆರೆಯಿಂದ ಮಾವ, ಫೋನಿನಲ್ಲಿ, ಒಂದೊಂದೇ ಸಿಲಿಂಡರ್.

ಕಣ್ಣೀರಿನ ಕಾರು

ಇನ್ನೊಂದು ಶೋ, "ಕಾರ್ ಎಸ್‌ಒಎಸ್", ಈ ವಿಷಯದಲ್ಲಿ ಎಷ್ಟೋ ವಾಸಿ. 2013ರಿಂದ ಬರ್ತಿದೆ. ಟಿಮ್ ಶಾ ಮತ್ತು ಫಝ್ ಟೌನ್‌ಶೆಂಡ್ ಇದರ ನಿರೂಪಕರು. ಕಾಯಿಲೆಯಿಂದಲೋ ಕಷ್ಟದಿಂದಲೋ ಯಾರೋ ತಮ್ಮ ಹಳೇ ಕಾರಿನ ಕೆಲಸ ಅರ್ಧಕ್ಕೆ ಬಿಟ್ಟಿರ್ತಾರೆ. ಮನೆಯವರು ಗುಟ್ಟಾಗಿ ಇವರಿಗೆ ಹೇಳ್ತಾರೆ. ಇವರು ಕಾರು ತಗೊಂಡು ಹೋಗಿ, ತಂಡ ಕಟ್ಟಿ ಕೆಲಸ ಮಾಡಿ, ಮಾಲೀಕರಿಗೆ ಅಚ್ಚರಿಯಾಗೋ ಹಾಗೆ ವಾಪಸ್ ಕೊಡ್ತಾರೆ. ಫಝ್ ತುಕ್ಕಿಗೆ ಹೆದರಲ್ಲ. ಕೊಳೆತ ತಗಡು, ಹೊಸ ತಗಡು ಎರಡನ್ನೂ ತೋರಿಸ್ತಾರೆ. ಇದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ ಅಂತ ತೋರಿಸೋದೂ ಪ್ರಾಮಾಣಿಕವೇ. ಕೊನೆಯ ದೃಶ್ಯದಲ್ಲಿ ನಾನೂ ಎಷ್ಟೋ ಸಲ ಅತ್ತಿದ್ದೀನಿ, ಸುಳ್ಳು ಹೇಳಲ್ಲ.

ಆದ್ರೆ ಅತ್ತು ಮುಗಿದ ಮೇಲೆ ಒಂದು ಯೋಚನೆ ಬರುತ್ತೆ. ಆ ಕಾರಿನ ಮಾಲೀಕರು ಕೆಲಸ ನಡೆಯೋ ಜಾಗದಲ್ಲಿ ಇರಲೇ ಇಲ್ಲ. ಗುಟ್ಟು ಕಾಪಾಡೋದೇ ಆ ಶೋದ ಬಂಡವಾಳ, ಹಾಗಾಗಿ ಇರುವ ಹಾಗೂ ಇಲ್ಲ. ಮನೆ ಗ್ಯಾರೇಜಿನ ಕೆಲಸದಲ್ಲಿ ಸಿಗೋ ನಿಜವಾದ ಲಾಭ ಕಾರು ಅಂತ ನನಗೆ ಅನಿಸಲ್ಲ. ಕಾರಿನ ಬಗ್ಗೆ ಸಿಗೋ ತಿಳಿವಳಿಕೆ. ಯಾವ ನಟ್ಟು ಹಟ ಮಾಡುತ್ತೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ, ಯಾವ ಬೆಸುಗೆ ನಾನು ನಿದ್ದೆಗಣ್ಣಲ್ಲಿ ಹಾಕಿದ್ದು ಅಂತ ನನಗೆ ಗೊತ್ತು. ಉಡುಗೊರೆಯಾಗಿ ಬಂದ ಕಾರಿನ ಜೊತೆ ಈ ತಿಳಿವಳಿಕೆ ಬರಲ್ಲ. ದುಡ್ಡಿನ ಶೋ ಗಂಟೆಗಳನ್ನ ಮರೆಮಾಡಿದ್ರೆ, ಕಣ್ಣೀರಿನ ಶೋ ಆ ಗಂಟೆಗಳನ್ನ ಮಾಲೀಕರ ಕೈಯಿಂದ ತಗೊಂಡು ಬೇರೆಯವರ ಕೈಗೆ ಕೊಡುತ್ತೆ. ಕಾಯಿಲೆ ಬಿದ್ದವರಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆರೋಗ್ಯವಾಗಿ ಸೋಫಾ ಮೇಲೆ ಕೂತು ನೋಡೋ ನಮಗೆ ಅದರಿಂದ ಕಲಿಯೋದು ಕಮ್ಮಿ.

ಯಾವುದು ಒರಿಜಿನಲ್?

ಹಳೇ ಕಾರಿನ ಲೋಕದಲ್ಲಿ ಎರಡು ಪಂಗಡ. ಒಂದು, ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು ಅನ್ನೋರು. ಇನ್ನೊಂದು, ನನ್ನ ಕಾರು ನನ್ನಿಷ್ಟ, ಎಂಜಿನ್ ಬದಲಿಸ್ತೀನಿ, ಗೇರ್‌ಬಾಕ್ಸ್ ಬದಲಿಸ್ತೀನಿ ಅನ್ನೋರು. ಟೀವಿಯಲ್ಲಿ ಮೊದಲನೆಯವರು ಆಚಾರವಂತರು, ಎರಡನೆಯವರು ಪುಂಡರು.

ಎಂಜಿಬಿಯನ್ನೇ ತಗೊಳ್ಳಿ, ಈ ಜಗಳ ಎಷ್ಟು ಗೋಜಲು ಅಂತ ಗೊತ್ತಾಗುತ್ತೆ. 1974ರ ಕೊನೆಯಲ್ಲಿ, ಅಮೆರಿಕದ ಸುರಕ್ಷತಾ ನಿಯಮಕ್ಕೋಸ್ಕರ, ಈ ಕಾರಿನ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ಬಂಪರ್ ಹಾಕಿದ್ರು, ಕಾರನ್ನ ಎತ್ತರಿಸಿದ್ರು. ಅದರ ಅಂದ ಹೋಯ್ತು, ತಿರುವಿನಲ್ಲಿ ಓಲಾಡ್ತು ಅಂತ ಜನ ಬೈದ್ರು. ಇವತ್ತು ಎಷ್ಟೋ ಜನ 1977ರ ಕಾರು ಕೊಂಡು, ಕಪ್ಪು ಬಂಪರ್ ಕಿತ್ತು, ಕ್ರೋಮ್ ಹಾಕಿ, ಕೆಳಗಿಳಿಸಿ 1967ರ ಕಾರಿನ ಹಾಗೆ ಮಾಡ್ತಾರೆ. ಬೀದಿಯಲ್ಲಿ ನೋಡಿದವರು "ಆಹಾ, ಎಷ್ಟು ಒರಿಜಿನಲ್ ಆಗಿ ಇಟ್ಟಿದ್ದಾರೆ" ಅಂತಾರೆ. ನಿಜಕ್ಕೂ ಒರಿಜಿನಲ್ ಆಗಿರೋ 1977ರ ಕಾರು ಪಕ್ಕದಲ್ಲಿ ನಿಂತಿದ್ರೆ ಅದನ್ನ ಕೇಳೋರಿಲ್ಲ.

ಇನ್ನೂ ಮುಂದೆ ಹೋಗಿ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಸಂಸ್ಥೆ ಎಂಜಿಬಿಯ ಹೊಸ ಬಾಡಿಗಳನ್ನೇ ಮಾಡಿ ಮಾರ್ತಿದೆ, ಹಳೇ ಫ್ಯಾಕ್ಟರಿಯ ಅಚ್ಚುಗಳನ್ನ ಹುಡುಕಿ ತಂದು. ಅದನ್ನ ಕೊಂಡು ಹಳೇ ಎಂಜಿನ್, ಹಳೇ ಆಕ್ಸಲ್ ಕೂರಿಸಿದ್ರೆ ಅದು ಹಳೇ ಕಾರಾ, ಹೊಸ ಕಾರಾ? ಇಲ್ಲಿನ ವಾಹನ ನೋಂದಣಿ ಇಲಾಖೆ, ಡಿವಿಎಲ್‌ಎ, ಇಂಥ ಪ್ರಶ್ನೆಗೆ ಬಹುಕಾಲ ಅಂಕದ ಲೆಕ್ಕ ಇಟ್ಕೊಂಡಿತ್ತು. ಮೂಲ ಬಾಡಿ ಅಥವಾ ಚಾಸಿಗೆ 5 ಅಂಕ; ಸಸ್ಪೆನ್ಶನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ಒಂದೊಂದಕ್ಕೆ 2; ಎಂಜಿನ್ನಿಗೆ ಬರೀ 1. ತುಂಬಾ ಬದಲಾಯಿಸಿದ ಕಾರಿಗೆ ಹಳೇ ನಂಬರ್ ಉಳೀಬೇಕಾದ್ರೆ 8 ಅಂಕ ಬೇಕಿತ್ತು. ಎಲ್ಲರೂ ಕಾರಿನ ಹೃದಯ ಅಂತ ಹಾಡಿ ಹೊಗಳೋ ಎಂಜಿನ್ನಿಗೆ ಒಂದೇ ಅಂಕ, ಯಾರೂ ನೋಡದ ಬಾಡಿಯ ಅಸ್ಥಿಪಂಜರಕ್ಕೆ ಐದು. ಗುಮಾಸ್ತರು ಟೀವಿಯವರಿಗಿಂತ ಚೆನ್ನಾಗಿ ಕಾರು ನೋಡಿದ್ದಾರೆ ಅಂತ ನನಗನ್ನಿಸುತ್ತೆ.

ಪುಂಡರ ಪಂಗಡದಿಂದ ಒಂದು ಉದಾಹರಣೆ ಕೊಡ್ತೀನಿ. ಯೂಟ್ಯೂಬ್‌ನಲ್ಲಿ "ಪ್ರಾಜೆಕ್ಟ್ ಬಿಂಕಿ" ಅಂತ ಒಂದು ಸರಣಿ, 2013ರಲ್ಲಿ ಶುರುವಾಗಿದ್ದು. ಇಬ್ಬರು ಇಂಗ್ಲಿಷ್ ಗೆಳೆಯರು ಒಂದು ಪುಟ್ಟ ಹಳೇ ಮಿನಿ ಕಾರಿನೊಳಗೆ ಟೊಯೋಟಾ ಸೆಲಿಕಾದ ನಾಲ್ಕು ಚಕ್ರಕ್ಕೂ ಶಕ್ತಿ ಕೊಡೋ ಎಂಜಿನ್, ಗೇರ್‌ಬಾಕ್ಸ್ ತುರುಕೋಕೆ ಹೊರಟರು. ಆಚಾರವಂತರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪಚಾರ ಇಲ್ಲ. ಆದ್ರೆ ನೋಡಿ: ಒಂದು ಚಿಕ್ಕ ಬ್ರಾಕೆಟ್ ಮಾಡೋಕೆ ರಟ್ಟು ಕತ್ತರಿಸಿ, ಅಳತೆ ತಪ್ಪಿ, ಬಿಸಾಕಿ, ಮತ್ತೆ ಕತ್ತರಿಸೋದನ್ನ ನಗ್ತಾ ನಗ್ತಾ ತೋರಿಸ್ತಾರೆ. ಸಂಚಿಕೆಯಿಂದ ಸಂಚಿಕೆಗೆ ತಿಂಗಳುಗಟ್ಟಲೆ ಅಂತರ, ಕಾರು ಮುಗಿಯೋಕೆ ವರ್ಷಗಟ್ಟಲೆ. ಆ ಮಿನಿಯಲ್ಲಿ ಹಳೇದು ಅನ್ನೋದು ಹೆಚ್ಚು ಉಳಿದಿಲ್ಲ, ಆದ್ರೆ ಮುಚ್ಚಿಟ್ಟಿದ್ದೂ ಏನೂ ಇಲ್ಲ. ನನ್ನ "ಪೂರ್ತಿ ರೆಸ್ಟೋರ್ ಮಾಡಿದ" ಎಂಜಿಬಿಯಲ್ಲಿ ಎಲ್ಲವೂ ನೋಡೋಕೆ ಹಳೇದರ ಹಾಗೇ ಇತ್ತು, ಒಳಗೆ ಪೇಪರ್ ಇತ್ತು. ಎರಡರಲ್ಲಿ ಯಾವುದು ಮರ್ಯಾದೆಯ ಕೆಲಸ?

ಹಾಗಾಗಿ ರೆಸ್ಟೋರೋ ಕಸ್ಟಮೋ ಅನ್ನೋ ಜಗಳ ನನಗೆ ಈಗ ದೊಡ್ಡದಾಗಿ ಕಾಣಲ್ಲ. ಕೇಳಬೇಕಾದ ಪ್ರಶ್ನೆ: ಮುಂದೆ ಈ ಕಾರು ತಗೊಳ್ಳೋರು ಇಲ್ಲಿ ಏನಾಗಿದೆ ಅಂತ ತಿಳ್ಕೊಳ್ಳಬಹುದಾ? ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ಒಪ್ಪಿಕೊಂಡಿರೋ ಟುರಿನ್ ಚಾರ್ಟರ್‌ನಲ್ಲೂ ಈ ವಿವೇಕ ಇದೆ. ಹೊಸದಾಗಿ ಮಾಡಿದ ಭಾಗ ಹಳೇದರ ಜೊತೆ ಹೊಂದಿಕೊಂಡು ಇರಲಿ, ಆದ್ರೆ ಹತ್ತಿರ ಹೋಗಿ ನೋಡಿದ್ರೆ ಬೇರೆ ಅಂತ ಗೊತ್ತಾಗಲಿ. ಮಾಡಿದ್ದನ್ನ ದಾಖಲೆ ಮಾಡಿ ಇಡಿ. ಕಲ್ಲಿನ ಕಟ್ಟಡಗಳನ್ನ ಕಾಪಾಡೋಕೆ 1964ರಲ್ಲಿ ಮಾಡಿದ ವೆನಿಸ್ ಚಾರ್ಟರ್‌ನಿಂದ ಬಂದ ಯೋಚನೆ ಇದು.

ಕಲ್ಲಿನ ಕಟ್ಟಡ ಅಂದ ತಕ್ಷಣ ನಮಗೆ ಒಂದು ಪದ ನೆನಪಾಗ್ಬೇಕು: ಜೀರ್ಣೋದ್ಧಾರ. ಕನ್ನಡ ಕಲೀತಿರೋರಿಗೆ ಬಿಡಿಸಿ ಹೇಳ್ತೀನಿ. ಜೀರ್ಣ ಅಂದ್ರೆ ಸವೆದಿದ್ದು, ಶಿಥಿಲವಾಗಿದ್ದು. ಉದ್ಧಾರ ಅಂದ್ರೆ ಮೇಲೆತ್ತೋದು. ಸವೆದಿದ್ದನ್ನ ಮೇಲೆತ್ತೋದು, ಎಂಥ ಚೆಂದದ ಮಾತು. ಆದ್ರೆ ನಮ್ಮೂರ ಹಳೇ ದೇವಸ್ಥಾನಕ್ಕೆ ಜೀರ್ಣೋದ್ಧಾರದ ಹೆಸರಲ್ಲಿ ಏನು ಮಾಡಿದ್ರು ಗೊತ್ತಾ? ಕಲ್ಲು ಕಂಬಕ್ಕೆ ಆಯಿಲ್ ಪೇಂಟ್ ಬಳಿದ್ರು, ನೆಲಕ್ಕೆ ಟೈಲ್ಸ್ ಹಾಕಿದ್ರು, ದುಡ್ಡು ಕೊಟ್ಟವರ ಹೆಸರು ಕೆತ್ತಿದ ಗ್ರಾನೈಟ್ ಫಲಕ ನಿಲ್ಲಿಸಿದ್ರು. ಸೋರ್ತಿದ್ದ ಮಾಡು ಈಗಲೂ ಸೋರುತ್ತೆ. ಹೊಳಪನ್ನೇ ಉದ್ಧಾರ ಅಂದ್ಕೊಳ್ಳೋ ಕಾಯಿಲೆ ಇಂಗ್ಲೆಂಡಿನ ಟೀವಿಯವರಿಗೆ ಮಾತ್ರ ಇರೋದಲ್ಲ.

ಡಿಕ್ಕಿಯಲ್ಲಿರೋ ಫೈಲು

ನನ್ನ ಕಾರಿನ ಎಡಗಡೆ ಹೊಸ್ತಿಲನ್ನೂ ಆಮೇಲೆ ಬಿಚ್ಚಿದೆ. ಅಲ್ಲಿ ಪೇಪರ್ ಇರಲಿಲ್ಲ. ಕೊಳೆತ ಹೊಸ್ತಿಲ ಮೇಲೇ ಇನ್ನೊಂದು ತಗಡು ಮುಚ್ಚಿ ಬೆಸೆದಿದ್ರು. ಅದಕ್ಕೆ 44 ಗಂಟೆ. ಕೈ ಸ್ವಲ್ಪ ಪಳಗಿತ್ತು. ಎಲ್ಲ ಮುಗಿಯೋಕೆ ಮೂರು ವರ್ಷ ಆಯ್ತು, ಮಧ್ಯೆ ಲಾಕ್‌ಡೌನ್ ಬಂದು ಹೋಯ್ತು. ಕಾನೂನು ಕೇಳದೇ ಇದ್ರೂ ನಾನು ವರ್ಷಕ್ಕೊಂದು ಸಲ ಎಂಒಟಿ ಮಾಡಿಸ್ತೀನಿ. ಮೊದಲ ಸಲ ಪರೀಕ್ಷೆ ಮಾಡೋರು ಕಾರನ್ನ ಮೇಲೆತ್ತಿ, ಟಾರ್ಚ್ ಹಿಡಿದು, ಹೊಸ್ತಿಲನ್ನ ಸುತ್ತಿಗೆ ಹಿಡಿಯಿಂದ ತಟ್ಟಿ, "ಯಾರು ಮಾಡಿದ್ದು?" ಅಂತ ಕೇಳಿದ್ರು. ನಾನೇ ಅಂದೆ. ಇನ್ನೊಂದು ಸಲ ತಟ್ಟಿ, ತಲೆ ಆಡಿಸಿ ಮುಂದೆ ಹೋದ್ರು. ಅಷ್ಟೇ. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಗಳಿಗೆ ಈಗ ಹದಿನಾರು. ಹೋದ ತಿಂಗಳು ಗ್ಯಾರೇಜಿಗೆ ಬಂದು ಕೇಳಿದ್ಳು: "ಅಮ್ಮ, ಇದು ನನಗೆ ಬಂದಾಗ ಎಂಜಿನ್ ತೆಗೆದು ಬ್ಯಾಟರಿ ಹಾಕಿದ್ರೆ ನಿಂಗೆ ಬೇಜಾರಾಗುತ್ತಾ?" ಹಳೇ ಕಾರುಗಳನ್ನ ಎಲೆಕ್ಟ್ರಿಕ್ ಮಾಡೋದು ಇಲ್ಲಿ ಈಗ ಒಂದು ಉದ್ಯಮವೇ ಆಗಿದೆ. 2018ರಲ್ಲಿ ಪ್ರಿನ್ಸ್ ಹ್ಯಾರಿ ಮದುವೆ ದಿನ ಓಡಿಸಿದ್ದು ಎಲೆಕ್ಟ್ರಿಕ್ ಮಾಡಿದ ಜಾಗ್ವಾರ್ ಇ-ಟೈಪ್. ಹಾಗೆ ಮಾಡಿದ ಕಾರು ತಮ್ಮ ವ್ಯಾಖ್ಯೆಯ ಪ್ರಕಾರ ಚಾರಿತ್ರಿಕ ವಾಹನ ಅಲ್ಲ ಅಂತ ಎಫ್‌ಐವಿಎ 2019ರಲ್ಲಿ ಹೇಳಿದೆ.

ಬೇಜಾರಾಗುತ್ತೆ. ಆ ಎಂಜಿನ್ ಸದ್ದಲ್ಲಿ ನನಗೆ ಮಾವನ ಟ್ಯಾಕ್ಸಿ ಕೇಳಿಸುತ್ತೆ. ಅದನ್ನ ಮುಚ್ಚಿಡದೆ ಅವಳಿಗೆ ಹೇಳಿದೆ. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿ ಪಕ್ಕ ಇಟ್ಟಿರೋ ಫೈಲು ತೋರಿಸಿದೆ. ಅದರಲ್ಲಿ ಹೊಸ್ತಿಲು ಬಿಚ್ಚಿದಾಗ ತೆಗೆದ ಫೋಟೋಗಳಿವೆ, ಎಲ್ಲೆಲ್ಲಿ ಹೊಸ ತಗಡು ಅನ್ನೋ ಚಿತ್ರ ಇದೆ, ಗಂಟೆಗಳ ಲೆಕ್ಕ ಇದೆ, ಆ ನಿದ್ದೆಗಣ್ಣಿನ ಬೆಸುಗೆ ಎಲ್ಲಿದೆ ಅಂತಲೂ ಬರೆದಿದೆ. ಹೊಸ್ತಿಲಿನೊಳಗೆ ಸಿಕ್ಕಿದ ಪೇಪರ್ ಚೂರನ್ನೂ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಟಿದ್ದೀನಿ. "ಏನು ಬೇಕಾದ್ರೂ ಮಾಡು, ಮಾಡಿದ್ದನ್ನ ಇದರಲ್ಲಿ ಬರೆದಿಡು" ಅಂದೆ.

ಅವಳು ಫೈಲು ತಿರುವಿ ಹಾಕಿ, ಮುಚ್ಚಿಟ್ಟು, ನೆಲದ ಮೇಲೆ ರಟ್ಟು ಹಾಸ್ಕೊಂಡು ಕಾರಿನ ಕೆಳಗೆ ತೂರಿದ್ಳು. "ಅಮ್ಮ, ಟಾರ್ಚ್ ಕೊಡು."

ನಿಮ್ಮಲ್ಲಿ ಯಾರಾದ್ರೂ ಹಳೇ ಕಾರು ಕೊಳ್ಳೋ ಯೋಚನೆಯಲ್ಲಿದ್ರೆ ನಾನು ಹೇಳೋದೂ ಇಷ್ಟೇ. ಒಂದು ಟಾರ್ಚು, ಒಂದು ಮ್ಯಾಗ್ನೆಟ್ಟು ತಗೊಂಡು ಹೋಗಿ. ಪುಟ್ಟಿಗೆ ಮ್ಯಾಗ್ನೆಟ್ ಅಂಟಲ್ಲ. ಹಳೇ ಬಟ್ಟೆ ಹಾಕ್ಕೊಂಡು ಹೋಗಿ, ನೆಲದ ಮೇಲೆ ಮಲಗಬೇಕಾಗುತ್ತೆ. ಮುಂದಿನ ಸಲ ಟೀವಿಯಲ್ಲಿ ಕಾರಿನ ಮೇಲಿಂದ ಬಟ್ಟೆ ಎಳೆದು ಎಲ್ಲರೂ ಚಪ್ಪಾಳೆ ತಟ್ಟೋವಾಗ, ಕ್ಯಾಮೆರಾ ಒಂದು ಸಲವಾದ್ರೂ ಹೊಸ್ತಿಲ ಕಡೆ ಬಗ್ಗಿತಾ ಅಂತ ಗಮನಿಸಿ. ಬಗ್ಗಿದ ಶೋ ಯಾವುದಾದ್ರೂ ಕಂಡ್ರೆ ನನಗೆ ಬರೆದು ತಿಳಿಸಿ, ನಾನೂ ನೋಡ್ತೀನಿ.